ನೊರೆಹೊಳೆಯ ಕೆಂಗಣ್ಣ

‘ಕಾಲು ಮೇಲೆ! ಕಾಲು ಮೇಲೆ!’

ಹೀಗೆಂದು ಇಂಗ್ಲಿಷಿನಲ್ಲಿ ಕೂಗಿದವನು ನಮ್ಮ ರಬ್ಬರ್ ದೋಣಿಯ ಅಂಬಿಗ. ನೀರಿಗೆ ಬಿದ್ದಿದ್ದವನು ನನ್ನ ಅಣ್ಣ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಜರು ನೋಡಿ ನಿವೃತ್ತನಾದವನು, ಬಚ್ಚಲಮನೆಯ ಹಂಡೆ ಬಿಟ್ಟರೆ ಬೇರೆ ನೀರಿನ ಸಹವಾಸ ಮಾಡಿದವನಲ್ಲ. ಗಾಳಕ್ಕೆ ಸಿಕ್ಕ ಮೀನನ್ನು ನೋಡುವ ಉತ್ಸಾಹದಲ್ಲಿ ದೋಣಿಯ ಅಂಚಿಗೆ ಬಗ್ಗಿದ್ದ. ಅದೇ ಹೊತ್ತಿಗೆ ದೋಣಿ ಒಂದು ಅಲೆಯ ಮೇಲೆ ಹತ್ತಿ ಇಳಿಯಿತು. ಅಣ್ಣ ಇಳಿಯಬೇಕಾದ ಕಡೆ ಇಳಿಯದೆ ಪಕ್ಕಕ್ಕೆ ಇಳಿದ.

ಇದು ನಡೆದದ್ದು ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ನ್ಯೂ ರಿವರ್ ಎಂಬ ಹೊಳೆಯಲ್ಲಿ, ಹೋದ ವರ್ಷದ ಮೇ ತಿಂಗಳಲ್ಲಿ. ಅಣ್ಣನ ಮಗ ಪಕ್ಕದ ವರ್ಜೀನಿಯಾದ ಬ್ಲ್ಯಾಕ್ಸ್‌ಬರ್ಗ್‌ನಲ್ಲಿ ಓದುತ್ತಿದ್ದ. ಅವನ ಪದವಿ ಪ್ರದಾನಕ್ಕೆಂದು ನಾವಿಬ್ಬರೂ ಹೋಗಿದ್ದೆವು. ಸಮಾರಂಭ ಮುಗಿದ ಮರುದಿನ ಹುಡುಗ, ‘ಅಪ್ಪಾ, ನಿಮ್ಮನ್ನು ಮೀನು ಹಿಡಿಯಲು ಕರೆದುಕೊಂಡು ಹೋಗುತ್ತೇನೆ’ ಎಂದ. ನಮ್ಮದು ಮಲೆನಾಡಿನ ಮೀನು ತಿನ್ನುವ ಮನೆ. ಅಣ್ಣ ಮಸಾಲೆಪುಡಿ ಊರಿನಿಂದಲೇ ತಂದಿದ್ದ, ಆದ್ದರಿಂದ ತಕ್ಷಣ ಒಪ್ಪಿದ. ಹಿಡಿದ ಮೀನನ್ನು ಮತ್ತೆ ಹೊಳೆಗೇ ಬಿಡುವ ಪದ್ಧತಿ ಎಂದು ಹುಡುಗ ಮೊದಲೇ ಹೇಳಿರಲಿಲ್ಲ.

ಹೆಸರು ನ್ಯೂ ರಿವರ್ ಆದರೂ ಇದು ಉತ್ತರ ಅಮೆರಿಕದ ಅತಿ ಹಳೆಯ ನದಿಗಳಲ್ಲಿ ಒಂದು ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ನಾರ್ತ್ ಕ್ಯಾರೊಲಿನಾದ ಬೆಟ್ಟಗಳಲ್ಲಿ ಹುಟ್ಟಿ, ಆ ಸೀಮೆಯ ಬಹಳಷ್ಟು ಹೊಳೆಗಳಂತೆ ಪೂರ್ವದ ಸಮುದ್ರದ ಕಡೆ ಹೋಗದೆ ಉತ್ತರಕ್ಕೆ ಹರಿಯುತ್ತದೆ. ಅಪಲೇಶಿಯನ್ ಬೆಟ್ಟಸಾಲನ್ನೇ ಕೊರೆದುಕೊಂಡು ಹೋಗುತ್ತದೆ. ವೆಸ್ಟ್ ವರ್ಜೀನಿಯಾದಲ್ಲಿ ಗಾಲಿ ನದಿಯನ್ನು ಕೂಡಿ ಕನಾವಾ ಎಂಬ ಹೆಸರು ಪಡೆದು, ಒಹಾಯೊ ನದಿಗೂ ಅಲ್ಲಿಂದ ಮಿಸಿಸಿಪ್ಪಿಗೂ ಸೇರುತ್ತದೆ. ಹೀಗೆ ಕೊರೆದ ಕಮರಿಯ ಮೇಲೆ 1977ರಲ್ಲಿ ಒಂದು ಉಕ್ಕಿನ ಕಮಾನು ಸೇತುವೆ ಕಟ್ಟಿದರು. ನೀರಿನಿಂದ ಅದರ ಎತ್ತರ 876 ಅಡಿ. ನಮ್ಮ ಜೋಗದ ರಾಜಾ ಜಲಪಾತಕ್ಕಿಂತಲೂ ಹೆಚ್ಚು. 2020ರ ಡಿಸೆಂಬರಿನಲ್ಲಿ ಈ ಕಮರಿ ರಾಷ್ಟ್ರೀಯ ಉದ್ಯಾನವಾಯಿತು.

ಒಂದು ಕಾಲಕ್ಕೆ ಇದು ಕಲ್ಲಿದ್ದಲಿನ ಕಣಿವೆ. 1873ರಲ್ಲಿ ಕಮರಿಯೊಳಗೆ ರೈಲುದಾರಿ ಬಂತು, ಗಣಿಗಳು ಬಂದವು, ಸಾಲು ಸಾಲು ಊರುಗಳೆದ್ದವು. ಈಗ ಆ ಊರುಗಳು ಕಾಡಿನೊಳಗೆ ಕರಗಿವೆ. ಥರ್ಮಂಡ್ ಎಂಬಲ್ಲಿ ಅಂಗಡಿ, ಬ್ಯಾಂಕುಗಳ ಹಳೆಯ ಕಟ್ಟಡಗಳು ಇನ್ನೂ ನಿಂತಿವೆ. ಅವುಗಳ ಮುಂದೆ ಬೀದಿಯೇ ಇಲ್ಲ, ರೈಲುಹಳಿ ಮಾತ್ರ! ವಾಸಿಸುವವರು ಬೆರಳೆಣಿಕೆಯ ಮಂದಿ. ಬ್ಯಾಂಕಿನ ಬಾಗಿಲಿನ ಮುಂದೆ ನಿಂತು ಅಣ್ಣ ತುಸು ಹೊತ್ತು ಮೌನ ಆಚರಿಸಿದ.

ನಾವು ಪ್ರಿನ್ಸ್ ಎಂಬಲ್ಲಿ ದೋಣಿ ಇಳಿಸಿ ಥರ್ಮಂಡ್ ತನಕ ತೇಲುವ ಏರ್ಪಾಡು. ಇದು ಮಧ್ಯದ ಭಾಗ, ಹೊಳೆ ತಕ್ಕಮಟ್ಟಿಗೆ ಸೌಮ್ಯ. ಇನ್ನೂ ಕೆಳಗೆ ಹೋದರೆ ಮನೆಯಷ್ಟು ದೊಡ್ಡ ಬಂಡೆಗಳು, ಅವುಗಳ ನಡುವೆ ಭೋರ್ಗರೆಯುವ ನೀರು. ಅಲ್ಲಿಯ ಒಂದು ಗುಂಡಿಗೆ ‘ಗ್ರೇಹೌಂಡ್ ಬಸ್ ಸ್ಟಾಪರ್’ ಎಂದು ಹೆಸರು. ಬಸ್ಸನ್ನೇ ಹಿಡಿದು ನಿಲ್ಲಿಸಬಲ್ಲ ಗುಂಡಿ ಎಂದರ್ಥ. ನಾವು ಆ ಬಸ್ ನಿಲ್ದಾಣದ ತನಕ ಹೋಗಲಿಲ್ಲ, ಬಿಡಿ.

ಹಿಡಿಯಲು ಹೊರಟ ಮೀನಿನ ಹೆಸರು ಸ್ಮಾಲ್‌ಮೌತ್ ಬಾಸ್. ಕಂಚಿನ ಬಣ್ಣ, ಮೈಮೇಲೆ ಮಾಸಲು ಅಡ್ಡಪಟ್ಟಿ, ಕೆಂಪು ಕಣ್ಣು. ಬಾಯಿ ಚಿಕ್ಕದೇನೂ ಅಲ್ಲ. ಇದರ ದಾಯಾದಿ ಲಾರ್ಜ್‌ಮೌತ್ ಬಾಸ್‌ನ ಮೇಲ್ದವಡೆ ಕಣ್ಣನ್ನೂ ದಾಟಿ ಹಿಂದೆ ಹೋಗುತ್ತದೆ, ಇದರದು ಕಣ್ಣಿನ ಹತ್ತಿರವೇ ನಿಲ್ಲುತ್ತದೆ, ಅಷ್ಟೇ ವ್ಯತ್ಯಾಸ. ವೈಜ್ಞಾನಿಕ ಹೆಸರು ಮೈಕ್ರೊಪ್ಟೆರಸ್ ಡೊಲೊಮಿಯು. ಈ ಹೆಸರಿನ ಕತೆ ಸ್ವಾರಸ್ಯವಾಗಿದೆ. 1802ರಲ್ಲಿ ಫ್ರಾನ್ಸಿನ ಲಾಸೆಪೆಡ್ ಎಂಬ ವಿಜ್ಞಾನಿಯ ಕೈಗೆ ಬಂದ ಮಾದರಿ ಮೀನಿನ ಬೆನ್ನುರೆಕ್ಕೆ ಹರಿದಿತ್ತು. ಹರಿದು ಬೇರೆಯಾದ ತುಂಡನ್ನು ನೋಡಿ ಅವನು ಅದನ್ನು ಪ್ರತ್ಯೇಕ ಪುಟ್ಟ ರೆಕ್ಕೆ ಎಂದೇ ಭಾವಿಸಿದ. ‘ಮೈಕ್ರೊಪ್ಟೆರಸ್’, ಅಂದರೆ ಕಿರುರೆಕ್ಕೆಯದು ಎಂದು ಹೆಸರಿಟ್ಟ. ತಪ್ಪು ಗೊತ್ತಾದ ಮೇಲೂ ಹೆಸರು ಉಳಿಯಿತು, ಏಕೆಂದರೆ ಜೀವಿಗಳ ನಾಮಕರಣದಲ್ಲಿ ಮೊದಲಿಟ್ಟ ಹೆಸರಿಗೇ ಮನ್ನಣೆ. ಉತ್ತರ ಪತ್ರಿಕೆಯಲ್ಲಿ ಒಂದು ತಪ್ಪಿಗೆ ಅಂಕ ಕಳೆದುಕೊಂಡ ಹುಡುಗರು ಇದನ್ನು ನೆನಪಿಟ್ಟುಕೊಳ್ಳಬಹುದು. ಡೊಲೊಮಿಯು ಎಂದರೆ ಅವನ ಗೆಳೆಯ, ಭೂವಿಜ್ಞಾನಿ. ಡಾಲಮೈಟ್ ಎಂಬ ಕಲ್ಲಿಗೂ ಅವನದೇ ಹೆಸರು.

ಇಂಥ ರಭಸದ ಹೊಳೆಯಲ್ಲಿ ಮೀನು ಎಲ್ಲಿರುತ್ತದೆ? ಅಂಬಿಗ ನಮಗೆ ಕಲಿಸಿದ ಮೊದಲ ಪಾಠ ಇದು, ಮತ್ತು ಆ ದಿನದ ಅತ್ಯುತ್ತಮ ಪಾಠವೂ ಹೌದು. ನೊರೆಯುಕ್ಕುವ ನೀರಿನಲ್ಲಿ ಮೀನು ಸದಾ ಈಜುತ್ತ ಹೋರಾಡುತ್ತಿರುತ್ತದೆ ಎಂದು ನಾವು ತಿಳಿದಿರುತ್ತೇವೆ. ಹಾಗೆ ಮಾಡಿದರೆ ತಿಂದದ್ದಕ್ಕಿಂತ ಖರ್ಚೇ ಹೆಚ್ಚಾಗಿ ಮೀನು ದಿವಾಳಿಯೆದ್ದೀತು. ಬಂಡೆಯೊಂದು ಪ್ರವಾಹವನ್ನು ಸೀಳಿದಾಗ ಅದರ ಹಿಂದೆ ನೀರು ತಗ್ಗುತ್ತದೆ. ಆ ತಗ್ಗನ್ನು ತುಂಬಲು ಕೆಳಗಿನಿಂದ ನೀರು ವಾಪಸು ಮೇಲಕ್ಕೆ ಹರಿದು ಬರುತ್ತದೆ. ಹೊಳೆಯೊಳಗೇ ಹಿಮ್ಮುಖವಾಗಿ ಹರಿಯುವ ಒಂದು ಚಿಕ್ಕ ಹೊಳೆ! ಹೀಗೆ ಮುಂದೆ ಹೋಗುವ ನೀರೂ ಹಿಂದೆ ಬರುವ ನೀರೂ ಒಂದಕ್ಕೊಂದು ಉಜ್ಜುವಲ್ಲಿ ಒಂದು ಗೆರೆ ಕಾಣಿಸುತ್ತದೆ. ಸಣ್ಣ ಗುಳ್ಳೆಗಳ ಸಾಲು ಅದರ ಗುರುತು. ಕೆಂಗಣ್ಣ ನಿಲ್ಲುವುದು ಆ ಗೆರೆಯ ಒಳಬದಿಗೆ. ನಿಂತಲ್ಲಿ ದಣಿವಿಲ್ಲ, ಗೇಣಿನಾಚೆ ಪ್ರವಾಹ ಊಟ ಹೊತ್ತು ಸಾಗುತ್ತಿರುತ್ತದೆ. ಏಡಿಗೂ ಸೀಗಡಿಗೂ ನಡುವಿನಂತೆ ಕಾಣುವ ಕ್ರೇಫಿಶ್, ಸಣ್ಣ ಮೀನು, ಕಲ್ಲಡಿಯ ಹುಳು ಏನೇ ಬರಲಿ, ಸರಕ್ಕನೆ ಹೊರಗೆ ನುಗ್ಗಿ ಬಾಯಿಗೆ ಹಾಕಿಕೊಂಡು ಮತ್ತೆ ಮನೆಗೆ.

‘ಇದು ಬ್ಯಾಂಕಿನ ಕೌಂಟರು ಇದ್ದ ಹಾಗೆ. ಕೂತಲ್ಲಿಗೇ ಎಲ್ಲ ಬರುತ್ತದೆ’ ಎಂದ ಅಣ್ಣ.

ಆದ್ದರಿಂದ ಗಾಳ ಎಸೆಯುವುದೂ ಆ ಗೆರೆಗೇ. ತೆಳ್ಳನೆಯ ಕೋಲು, ಎಂಟು ಪೌಂಡ್ ಭಾರ ತಡೆಯುವ ದಾರ, ತುದಿಯಲ್ಲಿ ಕ್ರೇಫಿಶ್‌ನಂತೆ ಕಾಣುವ ಮೆತ್ತನೆಯ ಪ್ಲಾಸ್ಟಿಕ್ ತುಂಡು. ಗಾಳದ ಮುಳ್ಳಿನ ಹಿಂಬದಿಯ ಕೊಕ್ಕೆಯನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದ್ದರು, ಮೀನಿನ ಬಾಯಿಯಿಂದ ಸಲೀಸಾಗಿ ಬಿಡಿಸಲು. ದೋಣಿ ತೇಲುತ್ತ ಸಾಗುವುದರಿಂದ ಒಂದು ಬಂಡೆಗೆ ಒಂದೇ ಅವಕಾಶ. ಮೊದಲ ಒಂದು ತಾಸು ನನ್ನ ಗಾಳ ಬಂಡೆಗೂ ಮರಕ್ಕೂ ಒಮ್ಮೆ ಅಣ್ಣನ ಟೋಪಿಗೂ ಸಿಕ್ಕಿತು, ಮೀನಿಗೆ ಸಿಗಲಿಲ್ಲ. ಸಿಕ್ಕಾಗ ಮಾತ್ರ ಕೋಲು ಕೈಯಿಂದ ಕಿತ್ತುಹೋಗುವಂತಾಯಿತು. ಈ ಮೀನು ಆಳಕ್ಕೆ ಎಳೆಯುತ್ತದೆ, ಪ್ರವಾಹದ ಬೆನ್ನೇರುತ್ತದೆ, ಇದ್ದಕ್ಕಿದ್ದಂತೆ ನೀರಿನಿಂದ ಎರಡಡಿ ಮೇಲೆ ಹಾರಿ ತಲೆ ಕೊಡವುತ್ತದೆ. ಸಿನ್ಸಿನಾಟಿಯಲ್ಲಿದ್ದ ಹೆನ್ಶಲ್ ಎಂಬ ವೈದ್ಯ 1881ರಲ್ಲಿ ಈ ಮೀನಿನ ಮೇಲೆ ಒಂದು ದೊಡ್ಡ ಪುಸ್ತಕವನ್ನೇ ಬರೆದ. ಅದುವರೆಗೆ ಶ್ರೀಮಂತರ ಟ್ರೌಟ್ ಮೀನಿಗಿದ್ದ ಮರ್ಯಾದೆ ಇದಕ್ಕೂ ಬಂದದ್ದು ಆಮೇಲೆ.

ಈಗ ಅಣ್ಣ ಬಿದ್ದ ಸಂಗತಿ.

ಅವನಿಗೆ ತೇಲುಅಂಗಿ ತೊಡಿಸಿದ್ದರು. ಅದನ್ನು ತೊಡದೆ ದೋಣಿ ಹತ್ತಲು ಬಿಡುವುದೇ ಇಲ್ಲ. ಹತ್ತುವ ಮೊದಲು ಅಂಬಿಗ ಕಾಲು ಗಂಟೆ ಪಾಠ ಮಾಡಿದ್ದ: ನೀರಿಗೆ ಬಿದ್ದರೆ ಎದ್ದು ನಿಲ್ಲಲು ಹೋಗಬೇಡಿ. ಅಂಗಾತ ಮಲಗಿ, ಕಾಲುಗಳನ್ನು ನೀರಿನ ಮೇಲ್ಮಟ್ಟಕ್ಕೆ ತನ್ನಿ, ಪಾದ ಹೊಳೆ ಹರಿಯುವ ದಿಕ್ಕಿಗಿರಲಿ. ಬಂಡೆ ಬಂದರೆ ಪಾದ ತಗಲಲಿ, ತಲೆ ಬೇಡ. ಅಣ್ಣ ಬಿದ್ದದ್ದು ಇಳುಕಲಿನ ಬಾಲದಲ್ಲಿ. ನೀರು ಹೆಚ್ಚೆಂದರೆ ಸೊಂಟದ ಮಟ್ಟ. ಯಾರೇ ಆಗಲಿ ಅಲ್ಲಿ ಮಾಡುವುದು ಒಂದೇ, ಕಾಲೂರಿ ನಿಲ್ಲುವುದು. ಅಣ್ಣನೂ ಅದಕ್ಕೇ ಹೊರಟಿದ್ದ. ಕೂಗು ಕೇಳಿ ಅಂಗಾತ ಮಲಗಿದ. ಐವತ್ತು ಗಜ ಕೆಳಗೆ ತಿಳಿಮಡುವಿನಲ್ಲಿ ಅವನನ್ನು ತೇಲುಅಂಗಿಯ ಭುಜಪಟ್ಟಿ ಹಿಡಿದು ದೋಣಿಗೆ ಎಳೆದುಕೊಂಡೆವು. ಕನ್ನಡಕ ಹೋಯಿತು, ಮತ್ತೇನೂ ಆಗಲಿಲ್ಲ.

ಸೊಂಟದ ಮಟ್ಟದ ನೀರಿನಲ್ಲಿ ನಿಂತರೆ ಏನಾಗುತ್ತಿತ್ತು? ತಳದಲ್ಲಿ ಕಲ್ಲುಗಳಿರುತ್ತವೆ, ಕಲ್ಲುಗಳ ನಡುವೆ ಸಂದಿಗಳಿರುತ್ತವೆ. ಪಾದ ಸಂದಿಗೆ ಸಿಕ್ಕಿತೆಂದರೆ ಹಿಂದಿನಿಂದ ಬರುವ ನೀರು ಮೈಯನ್ನು ಮುಂದಕ್ಕೆ ಬಗ್ಗಿಸುತ್ತದೆ. ಒಂದು ಘನಮೀಟರ್ ನೀರಿನ ತೂಕ ಒಂದು ಟನ್. ಹರಿವಿನ ವೇಗ ಎರಡು ಪಟ್ಟಾದರೆ ನೂಕುವ ಬಲ ನಾಲ್ಕು ಪಟ್ಟು. ಬಗ್ಗಿದ ಮೇಲೆ ಏಳಲು ಯಾವ ಪೈಲ್ವಾನನಿಂದಲೂ ಆಗದು. ಮೊಣಕಾಲುದ್ದಕ್ಕಿಂತ ಸ್ವಲ್ಪ ಹೆಚ್ಚಿನ ನೀರಿನಲ್ಲಿ, ಚೆನ್ನಾಗಿ ಈಜು ಬಲ್ಲವರೂ ಸಾಯುವುದು ಹೀಗೆ. ಇನ್ನು ಬೆಳ್ಳನೆಯ ನೊರೆ. ನೋಡಲು ಚೆಂದ, ಆದರೆ ಅದರಲ್ಲಿ ಗಾಳಿಯೇ ತುಂಬಿರುತ್ತದೆ. ಗಾಳಿ ಬೆರೆತ ನೀರು ನಮ್ಮನ್ನು ಎತ್ತಿ ಹಿಡಿಯುವುದಿಲ್ಲ, ಈಜಲು ಅದರಲ್ಲಿ ಕೈಗೆ ಹಿಡಿತವೂ ಸಿಗುವುದಿಲ್ಲ. ನೀರು ಕೊರೆದು ಹೊಟ್ಟೆ ಟೊಳ್ಳಾದ ಬಂಡೆಯಂತೂ ಮೇಲಿನಿಂದ ಗೊತ್ತೇ ಆಗುವುದಿಲ್ಲ. ಎದುರಿನ ಬಂಡೆಗೆ ನೀರು ಬಡಿದು ಚಿಮ್ಮುತ್ತಿದ್ದರೆ ಅದು ಗಟ್ಟಿ ಬಂಡೆ. ಬಡಿಯದೆ ಸದ್ದಿಲ್ಲದೆ ಅದರ ಬುಡಕ್ಕೆ ನುಸುಳುತ್ತಿದ್ದರೆ ಹತ್ತಿರ ಸುಳಿಯಬೇಡಿ.

ಇದನ್ನು ಇಷ್ಟು ಬೆಳೆಸಲು ಕಾರಣವಿದೆ. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ನಮ್ಮ ತರಗತಿಯ ಹುಡುಗನೊಬ್ಬ ತುಂಗೆಯಲ್ಲಿ ಹೋದ. ನಮಗಿಂತಲೆಲ್ಲ ಚೆನ್ನಾಗಿ ಈಜುತ್ತಿದ್ದ. ಜೂನ್ ತಿಂಗಳ ಹೊಸ ನೀರು, ಎರಡು ಬಂಡೆಗಳ ನಡುವೆ ಎದೆಮಟ್ಟ ಇದ್ದೀತು. ದಾಟಲು ಹೋಗಿ ನಿಂತ, ಮುಂದಕ್ಕೆ ಬಗ್ಗಿದ, ಏಳಲಿಲ್ಲ. ಹೊಳೆಯಮ್ಮ ಕರೆದುಕೊಂಡಳು ಎಂದರು ಊರಿನವರು. ಸುಳಿಗೆ ಸಿಕ್ಕಿದ ಎಂದರು ಮೇಷ್ಟರು. ಅವನ ಪಾದ ಸಂದಿಗೆ ಸಿಕ್ಕಿತ್ತು ಎಂದು ಮಾರನೆಯ ದಿನ ಅವನನ್ನು ಬಿಡಿಸಿ ತಂದವರು ಹೇಳಿದ್ದರು, ಆದರೆ ಆ ಮಾತಿನ ಅರ್ಥ ನನಗೆ ತಿಳಿದದ್ದು ನಲವತ್ತು ಚಿಲ್ಲರೆ ವರ್ಷಗಳ ಮೇಲೆ, ಪರದೇಶದ ಹೊಳೆಯ ದಂಡೆಯಲ್ಲಿ ಒಬ್ಬ ಗಡ್ಡದ ಅಂಬಿಗ ಪಾಠ ಮಾಡುವಾಗ. ಮೇಕೆದಾಟು, ಮುತ್ತತ್ತಿ ಎಂದು ಪ್ರತಿ ವರ್ಷ ಪತ್ರಿಕೆಯಲ್ಲಿ ವಿದ್ಯಾರ್ಥಿಗಳ ಫೋಟೊ ಬರುತ್ತದಲ್ಲ, ಪ್ರವಾಸಕ್ಕೆ ಹೊರಟ ಆ ಹುಡುಗರಿಗೆ ಈ ಕಾಲು ಗಂಟೆಯ ಪಾಠವನ್ನು ಯಾರಾದರೂ ಹೇಳಿರುತ್ತಾರೆಯೇ? ಪಾಲಕರೇ, ‘ನೀರಿಗೆ ಇಳಿಯಬೇಡ’ ಎಂದಷ್ಟೇ ಹೇಳಿ ಕಳಿಸುತ್ತೇವೆ ನಾವು. ಹದಿನೆಂಟರ ಹುಡುಗ ಇಳಿಯದೆ ಇರುವುದಿಲ್ಲ. ಇಳಿದಾಗ ಏನು ಮಾಡಬಾರದು ಎಂಬುದನ್ನೂ ಹೇಳಿ ಕಳಿಸಿ.

ಇರಲಿ. ಮಧ್ಯಾಹ್ನದ ಊಟಕ್ಕೆ ದೋಣಿಯನ್ನು ಒಂದು ತಿಳಿಮಡುವಿನ ದಡಕ್ಕೆ ಹಚ್ಚಿದೆವು. ಅಂಬಿಗ ನಮ್ಮನ್ನು ಮೆಲ್ಲಗೆ ಕರೆದು ನೀರಿನೊಳಗೆ ಬೆರಳು ತೋರಿದ. ಮೂರಡಿ ಆಳದಲ್ಲಿ, ಜಲ್ಲಿಕಲ್ಲಿನ ನೆಲದ ಮೇಲೆ, ಗುಡಿಸಿ ರಂಗೋಲಿಗೆ ಸಿದ್ಧ ಮಾಡಿದಂಥ ಒಂದು ದುಂಡನೆಯ ಜಾಗ. ಅದರ ಮೇಲೆ ಒಂದೂವರೆ ಅಡಿಯ ಕೆಂಗಣ್ಣ, ರೆಕ್ಕೆಗಳನ್ನು ಮೆಲ್ಲಗೆ ಬೀಸುತ್ತ ನಿಂತಲ್ಲೇ ನಿಂತಿದ್ದಾನೆ.

ಅದು ಗೂಡು. ನಿಂತವನು ಗಂಡು. ವಸಂತದಲ್ಲಿ ನೀರು ಹದಿನೈದು ಡಿಗ್ರಿಗಿಂತ ಮೇಲೆ ಬೆಚ್ಚಗಾದಾಗ ಗಂಡು ಬಾಲದಿಂದ ಕೆಸರು ಗುಡಿಸಿ ಗೂಡು ಮಾಡುತ್ತಾನೆ. ಹೆಣ್ಣು ಬಂದು ಮೊಟ್ಟೆಯಿಟ್ಟು ಹೋಗಿಬಿಡುತ್ತಾಳೆ. ಆಮೇಲೆ ಎಲ್ಲ ಜವಾಬ್ದಾರಿ ಅಪ್ಪನದು. ಮೊಟ್ಟೆಗಳ ಮೇಲೆ ಮಣ್ಣು ಕೂರದಂತೆ ರೆಕ್ಕೆ ಬೀಸುವುದು, ಕ್ರೇಫಿಶ್‌ಗಳನ್ನೂ ಸಣ್ಣ ಮೀನುಗಳನ್ನೂ ಅಟ್ಟುವುದು. ಮರಿ ಒಡೆದು, ಕಪ್ಪು ಚುಕ್ಕಿಗಳ ಮೋಡದಂತೆ ಮೇಲೇಳುವ ಮಕ್ಕಳು ಚದುರಿ ಹೋಗುವ ತನಕ, ಅಂದರೆ ವಾರಗಟ್ಟಲೆ, ಈ ಕಾವಲು. ಆ ದಿನಗಳಲ್ಲಿ ಅವನು ಊಟ ಮಾಡುವುದೂ ಅಪರೂಪ. ಅವನನ್ನು ಗಾಳ ಹಾಕಿ ಎತ್ತಿದರೆ ಕಾದು ಕುಳಿತ ಪುಡಿಮೀನುಗಳು ನಿಮಿಷಗಳಲ್ಲಿ ಗೂಡು ಖಾಲಿ ಮಾಡಿಬಿಡುತ್ತವೆ. ಹಿಡಿದವನು ಕೂಡಲೇ ಬಿಟ್ಟರೂ, ಅಪ್ಪ ವಾಪಸು ಬರುವಷ್ಟರಲ್ಲಿ ನಷ್ಟವಾಗಿರುತ್ತದೆ.

ಕಣ್ಣೆದುರಿಗಿದ್ದ ಮೀನು ಅಂದು ನಾವು ಹಿಡಿದ ಎಲ್ಲಕ್ಕಿಂತ ದೊಡ್ಡದು. ಗಾಳ ಇಳಿಸಿದ್ದರೆ ಸಿಟ್ಟಿಗಾದರೂ ಅದು ಕಚ್ಚುತ್ತಿತ್ತು. ಅಂಬಿಗ ತನ್ನ ಕೋಲನ್ನು ದೋಣಿಯಲ್ಲೇ ಬಿಟ್ಟು ಬಂದಿದ್ದ. ನಮ್ಮ ಹುಡುಗನೂ ಕೋಲು ಕೆಳಗಿಟ್ಟ. ಅಣ್ಣ ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದ. ಆಮೇಲೆ, ‘ಎಷ್ಟು ವರ್ಷದ್ದು ಇದು?’ ಎಂದು ಕೇಳಿದ. ಹೊಳೆಯಲ್ಲಿ ಈ ಮೀನು ನಿಧಾನವಾಗಿ ಬೆಳೆಯುತ್ತದೆ. ಒಂದಡಿ ಆಗಲು ನಾಲ್ಕೈದು ವರ್ಷ. ಇಪ್ಪತ್ತು ಅಂಗುಲ ದಾಟಿದ್ದರೆ ಹತ್ತು ವರ್ಷ ಎನ್ನಬಹುದು.

ಬೆಳಿಗ್ಗೆಯಿಂದ ಅಣ್ಣನದು ಒಂದೇ ತಕರಾರು: ಹಿಡಿದದ್ದನ್ನು ಬಿಡುವುದಾದರೆ ಹಿಡಿಯುವುದೇಕೆ? ಹೊಟ್ಟೆಗಾಗಿ ಹಿಡಿದರೆ ನ್ಯಾಯ, ಮೋಜಿಗಾಗಿ ಒಂದು ಜೀವದ ಬಾಯಿಗೆ ಮುಳ್ಳು ಚುಚ್ಚುವುದು ಯಾವ ನ್ಯಾಯ? ಪ್ರಶ್ನೆ ಸರಿಯಾದದ್ದೇ. ನನ್ನಲ್ಲಿ ಈಗಲೂ ಪೂರ್ತಿ ಉತ್ತರವಿಲ್ಲ. ಹತ್ತು ವರ್ಷದಲ್ಲಿ ಬೆಳೆಯುವ ಮೀನನ್ನು ವರ್ಷಕ್ಕೆ ಸಾವಿರಾರು ಜನ ಹಿಡಿದು ತಿಂದರೆ ಹೊಳೆ ಬರಿದಾಗುತ್ತದೆ, ಆದ್ದರಿಂದ ಬಿಡುತ್ತೇವೆ ಎಂದು ಅಂಬಿಗ ಹೇಳಿದ. ಬಿಡುವುದನ್ನಾದರೂ ಚೆನ್ನಾಗಿ ಬಿಡುತ್ತಾರೆ: ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳುತ್ತಾರೆ, ಒಣಗೈ ತಗಲಿದರೆ ಮೀನಿನ ಮೈಯ ಲೋಳೆ ಕಿತ್ತುಬಂದು ರೋಗ ಹತ್ತುತ್ತದೆ. ನೀರಿನಿಂದ ಹೊರಗಿಡುವುದು ತಾವು ಉಸಿರು ಕಟ್ಟಿ ಇರಬಲ್ಲಷ್ಟು ಹೊತ್ತೂ ಅಲ್ಲ. ಆಮೇಲೆ ಮೀನಿನ ತಲೆಯನ್ನು ಹರಿವಿಗೆ ಎದುರಾಗಿ ಹಿಡಿದು, ತಾನಾಗಿ ಜಿಗಿದು ಹೋಗುವ ತನಕ ಕಾಯುತ್ತಾರೆ. ಅಣ್ಣನಿಗೆ ಇದಾವುದೂ ಒಪ್ಪಿಗೆಯಾಗಲಿಲ್ಲ. ಆದರೆ ಗೂಡು ನೋಡಿದ ಮೇಲೆ ಆ ಮಾತು ಮತ್ತೆ ಎತ್ತಲಿಲ್ಲ.

ಇಷ್ಟೆಲ್ಲ ಗೌರವ ಪಡೆದ ಈ ಮೀನು ಆ ಹೊಳೆಯ ಮೂಲನಿವಾಸಿಯೇ ಅಲ್ಲ ಎಂದರೆ ನಂಬುತ್ತೀರಾ? ನ್ಯೂ ರಿವರ್‌ನ ಕೆಳಗೆ ಕನಾವಾ ಜಲಪಾತವಿದೆ. ಕೆಳಗಿನ ಮೀನುಗಳು ಅದನ್ನು ಹತ್ತಿ ಬರಲಾರವು. ಹತ್ತೊಂಬತ್ತನೆಯ ಶತಮಾನದಲ್ಲಿ ಮನುಷ್ಯರೇ ತಂದು ಮೇಲೆ ಬಿಟ್ಟದ್ದು. ಆಗ ಇಡೀ ಅಮೆರಿಕಕ್ಕೆ ಈ ಮೀನಿನ ಹುಚ್ಚು ಹಿಡಿದಿತ್ತು. 1854ರಲ್ಲಿ ಶ್ರೈವರ್ ಎಂಬ ಮಹಾಶಯ ಹೊಸದಾಗಿ ಬಂದಿದ್ದ ರೈಲನ್ನೇ ಇದಕ್ಕೆ ಬಳಸಿದ. ಉಗಿಬಂಡಿಯ ಹಿಂದಿನ ನೀರಿನ ತೊಟ್ಟಿಯೊಳಗೆ, ತೂತು ಕೊರೆದ ತಗಡಿನ ಬಕೆಟ್ಟಿನಲ್ಲಿ ಮೀನುಗಳನ್ನಿಟ್ಟು, ಒಹಾಯೊ ಕಡೆಯ ತೊರೆಯಿಂದ ಬೆಟ್ಟ ದಾಟಿಸಿ ಪೊಟೊಮ್ಯಾಕ್ ನದಿಯ ಕಡೆಗೆ ತಂದುಬಿಟ್ಟ. ಕೆಲವೇ ವರ್ಷಗಳಲ್ಲಿ ಪೊಟೊಮ್ಯಾಕ್ ತುಂಬ ಕೆಂಗಣ್ಣರು. 1871ರಲ್ಲಿ ಸರ್ಕಾರವೇ ಮೀನು ಆಯೋಗ ರಚಿಸಿತು. 1881ರಿಂದ ಮೀನು ಸಾಗಿಸಲೆಂದೇ ವಿಶೇಷ ರೈಲುಡಬ್ಬಿಗಳು ಓಡಾಡಿದವು. ಯಾವ ಹೊಳೆಗೆ ಯಾವ ಮೀನು ಎಂಬ ವಿಚಾರ ಆಗ ಯಾರಿಗೂ ಇರಲಿಲ್ಲ. ಮೀನು ಹೆಚ್ಚಾದರೆ ಒಳ್ಳೆಯದೇ ಅಲ್ಲವೇ?

ಒಳ್ಳೆಯದಾಗಲಿಲ್ಲ. 1937ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋದ ಇದೇ ಮೀನು ಅಲ್ಲಿನ ಪುಟ್ಟ ದೇಸಿ ಮೀನುಗಳನ್ನು ಹೊಳೆ ಹೊಳೆಗಳಿಂದಲೇ ಅಳಿಸಿತು. 2012ರಲ್ಲಿ ರಾಂಡೆಗಾಟ್ ಎಂಬ ಒಂದು ತೊರೆಗೆ ಮೀನುವಿಷ ಹಾಕಿ ಇದನ್ನು ತೆಗೆಯಬೇಕಾಯಿತು. ತೆಗೆದ ಮೇಲೆ ಮೇಲ್ಭಾಗದ ದೇಸಿ ಮೀನುಗಳು ಇಳಿದು ಬಂದವು. ಅಮೆರಿಕದಲ್ಲೇ, ಗ್ರ್ಯಾಂಡ್ ಕ್ಯಾನ್ಯನ್ ಕಮರಿಯ ಕೊಲರಾಡೊ ನದಿಯಲ್ಲಿ ಹಂಪ್‌ಬ್ಯಾಕ್ ಚಬ್ ಎಂಬ ಗೂನುಬೆನ್ನಿನ ಅಪರೂಪದ ಮೀನಿದೆ. ಕಷ್ಟಪಟ್ಟು ಉಳಿಸಿಕೊಂಡಿದ್ದಾರೆ. ಮೇಲಿನ ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನ ಜಲಾಶಯದಲ್ಲಿ ಕೆಂಗಣ್ಣರಿದ್ದರು. ಬರ ಬಂದು ನೀರು ಇಳಿದಂತೆ, ಮೇಲ್ಪದರದ ಬೆಚ್ಚನೆಯ ನೀರಿನೊಂದಿಗೆ ಅವರೂ ವಿದ್ಯುತ್ ಯಂತ್ರದ ಕೊಳವೆಯ ಮೂಲಕ ಕೆಳಗೆ ಬಂದರು. 2022ರ ಬೇಸಿಗೆಯಲ್ಲಿ ಅಣೆಕಟ್ಟಿನ ಕೆಳಗೆ ಮರಿಗಳು ಸಿಕ್ಕಾಗ ಎಲ್ಲರಿಗೂ ಗಾಬರಿ. 2024ರಲ್ಲಿ ಜಲಾಶಯದ ಆಳದ ತಣ್ಣೀರನ್ನು ಬೇರೆ ಕೊಳವೆಗಳಿಂದ ಬಿಟ್ಟು, ಹೊಳೆಯನ್ನೇ ತಂಪು ಮಾಡಿ ಇವುಗಳ ಸಂತಾನ ತಡೆಯಲು ಯತ್ನಿಸಿದರು. ಹಾಗೆ ಬಿಟ್ಟ ನೀರಿನಿಂದ ವಿದ್ಯುತ್ ಬರುವುದಿಲ್ಲ, ಅದು ಲೆಕ್ಕದಲ್ಲಿ ನಷ್ಟ.

ಒಂದು ಹೊಳೆಯ ದಡದಲ್ಲಿ ಕೈ ಒದ್ದೆ ಮಾಡಿಕೊಂಡು ಮುಟ್ಟುವ ಮೀನು. ಇನ್ನೊಂದು ಹೊಳೆಯಲ್ಲಿ ಅದನ್ನೇ ಕೊಲ್ಲಲು ಸಂಬಳದ ನೌಕರರು. ಮಕ್ಕಳನ್ನು ಕಾಯುವ ಅದೇ ಅಪ್ಪ!

ನಮ್ಮ ಕಾವೇರಿಯಲ್ಲೂ ಒಂದು ಗೂನುಬೆನ್ನಿನ ಮೀನಿದೆ. ನದಿಪಾತ್ರದವರು ಬಿಳಿಮೀನು ಎನ್ನುವ ಮಹಶೀರ್. ಕೇಸರಿ ರೆಕ್ಕೆಯ ಈ ಜಾತಿ ಕಾವೇರಿಯ ಕೊಳ್ಳ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಮೈಸೂರಿನಲ್ಲಿ ಪ್ರಾಣಿಗಳ ಚರ್ಮ ಹದಮಾಡಿ ಗೊಂಬೆ ಮಾಡುತ್ತಿದ್ದ ವ್ಯಾನ್ ಇಂಗೆನ್ ಮನೆತನದ ಒಬ್ಬರು 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದರು. ಸುಮಾರು 54 ಕಿಲೊ; ಒಬ್ಬ ಆಳಿನ ತೂಕ. ಮುಂದೆ 1970ರ ದಶಕದಿಂದ ಈಚೆಗೆ, ಮೀನು ಕಡಿಮೆಯಾಗುತ್ತಿದೆ, ತುಂಬಿಸೋಣ ಎಂಬ ಸದುದ್ದೇಶದಿಂದಲೇ ಲೋನಾವಳದ ಮರಿ ಕೇಂದ್ರದಲ್ಲಿ ಬೆಳೆಸಿದ ಮಹಶೀರ್ ಮರಿಗಳನ್ನು ಕಾವೇರಿಗೆ ತಂದುಬಿಟ್ಟರು. ಅವು ಕೃಷ್ಣಾ ಕೊಳ್ಳದ ನೀಲಿರೆಕ್ಕೆಯ ಮಹಶೀರ್. ಅಣ್ಣತಮ್ಮಂದಿರೇ, ಆದರೆ ಬೇರೆ ಜಾತಿ.

ಏನಾಯಿತು ಎಂದು ತಿಳಿದದ್ದು ಗಾಳ ಹಾಕುವವರ ದಿನಚರಿ ಪುಸ್ತಕದಿಂದ. ಗಾಲಿಬೋರೆಯ ಶಿಬಿರದಲ್ಲಿ ಹಿಡಿದ ಪ್ರತಿ ಮೀನಿನ ತೂಕ, ಜಾತಿ ಬರೆದು ಬಿಡುತ್ತಿದ್ದರು. 1998ರಿಂದ 2012ರ ತನಕದ ಲೆಕ್ಕವನ್ನು ವಿಜ್ಞಾನಿಗಳು ಕೂಡಿಸಿ ನೋಡಿದರು: 6161 ಮೀನುಗಳು. ನೀಲಿರೆಕ್ಕೆಯವು ವರ್ಷದಿಂದ ವರ್ಷಕ್ಕೆ ಏರಿದ್ದವು, ಗೂನುಬೆನ್ನಿನವು ಇಳಿದಿದ್ದವು. ಒಟ್ಟು ಸಂಖ್ಯೆ ಮಾತ್ರ ನೋಡಿದ್ದರೆ ಮಹಶೀರ್ ಸಂತತಿ ಚೆನ್ನಾಗಿದೆ ಎಂದು ಸಂಭ್ರಮಿಸಬಹುದಿತ್ತು. ಇನ್ನೂ ಸೋಜಿಗವೆಂದರೆ ಒಂದೂವರೆ ಶತಮಾನ ಹೆಸರುವಾಸಿಯಾಗಿದ್ದ ಈ ದೈತ್ಯನಿಗೆ ಸರಿಯಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಕಾವೇರಿಯದೇ ಉಪನದಿಯಾದ ಕೇರಳದ ಪಾಂಬಾರ್‌ನಲ್ಲಿ ಸಿಕ್ಕ ಮರಿಗಳಿಗೆ ಟೋರ್ ರೆಮಾದೇವಿ ಎಂದು ಹೆಸರಿಟ್ಟಿದ್ದರು. ಈ ದೈತ್ಯನೂ ಅದೇ ಜಾತಿ ಎಂದು 2018ರಲ್ಲಿ ತಿಳಿಯಿತು. ಹೆಸರು ಸಿಕ್ಕ ವರ್ಷವೇ ಅದು ಅಳಿವಿನ ತೀವ್ರ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಮರಳು ತೆಗೆದದ್ದು, ಡೈನಮೈಟ್ ಸಿಡಿಸಿದ್ದು, ಅಣೆಕಟ್ಟು ಇವೆಲ್ಲವೂ ಕಾರಣಗಳೇ; ನೆಂಟನನ್ನು ತಂದು ಮನೆಯಲ್ಲಿಟ್ಟದ್ದು ಅವುಗಳ ಜೊತೆಗೆ ಸೇರಿದ್ದು.

ಮನೆಯ ಗಾಜಿನ ತೊಟ್ಟಿಯಲ್ಲಿ ಮೀನು ಸಾಕಿ, ಬೇಸರವಾದಾಗ ಊರ ಕೆರೆಗೆ ‘ಪಾಪ, ಬದುಕಿಕೊಳ್ಳಲಿ’ ಎಂದು ಬಿಡುವ ಹುಡುಗರಿದ್ದಾರೆ. ಜತೆಗೆ ನಿಂತು ಬಿಡಿಸುವ ಅಪ್ಪಂದಿರೂ ಇದ್ದಾರೆ. ತೊಟ್ಟಿ ಉಜ್ಜುವ ಗಟ್ಟಿ ಚಿಪ್ಪಿನ ಸಕ್ಕರ್ ಮೀನು ನಮ್ಮ ಕೆರೆಗಳಲ್ಲಿ ಬಲೆಗೆ ಬೀಳುತ್ತಿರುವುದು ಹೀಗೆಯೇ. ಅದರ ಮುಳ್ಳಿಗೆ ಬೆಸ್ತರ ಬಲೆ ಹರಿಯುತ್ತದೆ, ಕೊಳ್ಳುವವರಿಲ್ಲ. ಬೇಡವಾದರೆ ಅಂಗಡಿಗೇ ಹಿಂದಿರುಗಿಸಿ, ಇಲ್ಲವೇ ಸಾಕುವ ಇನ್ನೊಬ್ಬರಿಗೆ ಕೊಡಿ.

ಜೂನ್ ಕೊನೆಯಲ್ಲಿ ಹುಡುಗ ಫೋನ್ ಮಾಡಿದ್ದ. ಕೆಲಸ ಸಿಕ್ಕಿದೆ, ಊರು ಬದಲಿಸಬೇಕು, ಹೊರಡುವ ಮುಂಚೆ ಇನ್ನೊಮ್ಮೆ ಹೊಳೆಗೆ ಹೋಗಿದ್ದೆ ಎಂದ. ಅಣ್ಣ ಸಂಬಳ ಎಷ್ಟು ಎಂದು ಕೇಳಲಿಲ್ಲ. ಆ ಮಡುವಿನ ಹತ್ತಿರ ಹೋಗಿದ್ದೆಯಾ ಎಂದು ಕೇಳಿದ.

ಹೋಗಿದ್ದನಂತೆ. ಗೂಡಿನ ಮೇಲೆ ಮತ್ತೆ ತೆಳ್ಳಗೆ ಕೆಸರು ಕೂತಿತ್ತು. ಅಪ್ಪ ಇರಲಿಲ್ಲ. ದಡದ ಹುಲ್ಲಿನ ಬುಡದಲ್ಲಿ ಅಂಗುಲದುದ್ದದ ನಾಲ್ಕೈದು ಮರಿಗಳು ಓಡಾಡುತ್ತಿದ್ದವಂತೆ, ಅವುಗಳವೇ ಇರಬೇಕು ಎಂದ.

‘ನಾಲ್ಕೋ ಐದೋ, ಸರಿಯಾಗಿ ಹೇಳು’ ಎಂದ ಅಣ್ಣ.